ಅಂಧೇರಿಯ ಕಲ್ಲುಗುಡ್ಡ ಯಾರಪ್ಪನ ಸೊತ್ತು?



ಅಂಧೇರಿಯ ಗಿಲ್ಬರ್ಟ್ ಹಿಲ್ಲಿನ ಸುದ್ದಿ ಬಂದಾಗಲೆಲ್ಲ ಎರಡು ಬಗೆಯ ಮಾತು ನಮ್ಮ ಕಿವಿಗೆ ಬೀಳುತ್ತದೆ. ಒಂದು ದೊಡ್ಡ ಮನೆಗಳವರ ಮಾತು: “ಗುಡ್ಡ ಉಳಿಯಬೇಕಾದರೆ ಬುಡದ ಝೋಪಡಿಗಳನ್ನು ಕಿತ್ತೊಗೆಯಿರಿ.” ಇನ್ನೊಂದು ನಮ್ಮವರದೇ ಮಾತು: “ತಲೆಯ ಮೇಲೆ ಸೂರಿಲ್ಲದವನಿಗೆ ಕಲ್ಲಿನ ಚಿಂತೆ ಯಾಕೆ? ಬಿಲ್ಡರು ಅದನ್ನು ಒಡೆಯಲಿ, ಕಟ್ಟಲಿ. ನಮಗೊಂದು ಖೋಲಿ ಸಿಕ್ಕಿದರೆ ಸಾಕು.” ಮೊದಲನೆಯದು ಹೊಟ್ಟೆ ತುಂಬಿದವರ ಮಾತು, ಎರಡನೆಯದು ಸೋತವರ ಮಾತು. ಎರಡೂ ತಪ್ಪು. ಆ ಗುಡ್ಡವನ್ನು ಇದುವರೆಗೆ ತಿಂದವರು ಯಾರೆಂದು ಇಬ್ಬರೂ ಕೇಳುವುದಿಲ್ಲ. ಕೇಳುವ ಕೆಲಸವನ್ನು ನಾವು ಮಾಡಬೇಕಾಗಿದೆ.

ಸ್ಟೇಶನ್ನಿನ ಪಶ್ಚಿಮಕ್ಕೆ ಇಳಿದು ಭವನ್ಸ್ ಕಾಲೇಜಿನ ಕಡೆಗೆ ನಡೆದರೆ ಕಟ್ಟಡಗಳ ನಡುವೆ ಇದ್ದಕ್ಕಿದ್ದಂತೆ ಒಂದು ಕರಿಗೋಡೆ ನೆಟ್ಟಗೆ ಎದ್ದು ನಿಲ್ಲುತ್ತದೆ. ಎತ್ತರ ಸುಮಾರು 200 ಅಡಿ, ಅಂದರೆ 61 ಮೀಟರು. ತುದಿಯಲ್ಲಿ ಗಾಂವ್‌ದೇವಿಯ ಗುಡಿ, ದುರ್ಗಾಮಾತೆಯ ಗುಡಿ, ಸಣ್ಣದೊಂದು ತೋಟ. ಹತ್ತಲು ಬಂಡೆಯಲ್ಲೇ ಕಡಿದ ಕಡಿದಾದ ಮೆಟ್ಟಿಲು. ನವರಾತ್ರಿಯಲ್ಲಿ ಪಾಳಿ ಮುಗಿಸಿ ಹತ್ತಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಮೇಲೆ ನಿಂತರೆ ವರ್ಸೋವಾದ ಕಡಲಿನ ಗಾಳಿ ಬರುತ್ತದೆ. ಪಾತ್ರೆ ತೊಳೆಯುವ ಮೋರಿಯ ಹತ್ತಿರ ಹದಿನಾಲ್ಕು ತಾಸು ನಿಂತವನಿಗೆ ಆ ಗಾಳಿಯ ಬೆಲೆ ಗೊತ್ತು.

ಜನ ಇದನ್ನು ‘ಸತ್ತ ಜ್ವಾಲಾಮುಖಿ’ ಎನ್ನುತ್ತಾರೆ. ಅದು ಪೂರಾ ಸರಿಯಲ್ಲ. ಜ್ವಾಲಾಮುಖಿಯೆಂದರೆ ಶಾಲೆಯ ಪುಸ್ತಕದಲ್ಲಿ ನಾವು ನೋಡಿದ, ಬಾಯಿ ತೆರೆದ ಬೆಟ್ಟ. ದಖ್ಖಣದಲ್ಲಿ ನಡೆದದ್ದು ಹಾಗಲ್ಲ. ಆರು, ಆರೂವರೆ ಕೋಟಿ ವರ್ಷಗಳ ಹಿಂದೆ ನೆಲವೇ ಮೈಲುಗಟ್ಟಲೆ ಬಿರಿದು, ಆ ಬಿರುಕುಗಳಿಂದ ಕರಗಿದ ಕಲ್ಲು ಉಕ್ಕಿ ಹರಿಯಿತು. ಒಂದು ಸಲ ಅಲ್ಲ, ಸಲ ಸಲಕ್ಕೂ ಹರಿದು ಪದರದ ಮೇಲೆ ಪದರ ಕೂತಿತು. ಇಂದಿಗೂ ಅದು ಸುಮಾರು 5 ಲಕ್ಷ ಚದರ ಕಿಲೋಮೀಟರು ನೆಲವನ್ನು ಹೊದ್ದು ಕೂತಿದೆ. ಮುಂಬಯಿಯ ಕಲ್ಲು ಆ ಉಕ್ಕಿನ ಕೊನೆಗಾಲದ್ದು. ಹೀಗೆ ಉಕ್ಕಿದ್ದು ನಿಧಾನವಾಗಿ ತಣಿಯುವಾಗ ಕುಗ್ಗುತ್ತದೆ. ಬೇಸಗೆಯಲ್ಲಿ ಕೆರೆಯ ಕೆಸರು ಒಣಗಿ ಬಿರಿಯುವಂತೆ ಬಿರಿಯುತ್ತದೆ. ಕೆಸರಿನ ಬಿರುಕು ಗೇಣುದ್ದ ಇಳಿದರೆ ಇದು ನೂರಾರು ಅಡಿ ಇಳಿದು, ಕಲ್ಲೆಲ್ಲ ಕಂಬ ಕಂಬವಾಗಿ ನಿಲ್ಲುತ್ತದೆ. ಗಿಲ್ಬರ್ಟ್ ಹಿಲ್ಲಿನ ಮೈಮೇಲೆ ಕಾಣುವ ಉದ್ದುದ್ದ ಗೀರುಗಳು ಅವೇ. ಇಂಥದೇ ಕಂಬದ ಬೆಟ್ಟವೊಂದು ಅಮೆರಿಕದ ವ್ಯೋಮಿಂಗ್ ಪ್ರಾಂತದಲ್ಲಿದೆ, ಡೆವಿಲ್ಸ್ ಟವರ್ ಎಂದು ಹೆಸರು. ಅಲ್ಲಿಯವರು ಅದನ್ನು 1906ರಲ್ಲೇ ರಾಷ್ಟ್ರೀಯ ಸ್ಮಾರಕವೆಂದು ಸಾರಿದರು. ಇಲ್ಲಿ ಏನಾಯಿತೆಂಬುದು ಮುಂದೆ ಬರುತ್ತದೆ.

ಅಮೆರಿಕದ ತನಕ ಹೋಗುವುದೂ ಬೇಡ. ಮಲ್ಪೆಯ ದೋಣಿ ಹತ್ತಿ ಸೈಂಟ್ ಮೇರಿ ದ್ವೀಪಕ್ಕೆ, ನಮ್ಮ ಮೊಗವೀರ ಬಂಧುಗಳ ತೋನ್ಸೆಪಾರಿಗೆ, ಹೋದವರಿಗೆ ಈ ಕಂಬಗಳ ಗುರುತು ಸಿಗದೆ ಇರದು. ಅದು ಬೇರೆ ಉಕ್ಕು, ಇನ್ನೂ ಹಳೆಯದು. ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟ ಕಾಲದ್ದು, ಸುಮಾರು 8.8 ಕೋಟಿ ವರ್ಷದ್ದು. ವಿಜಾಪುರ, ಕಲಬುರ್ಗಿ, ಬೆಳಗಾವಿ ಕಡೆಯ ಮಿಲ್ಲಿನ ಬಂಧುಗಳಿಗಂತೂ ದಖ್ಖಣದ ಈ ಕಲ್ಲು ಹುಟ್ಟಿದೂರಿನದೇ. ಗೋಳಗುಮ್ಮಟದ ಗೋಡೆಯ ಕರಿಕಲ್ಲು ಇದೇ. ಇದೇ ಕಲ್ಲು ಮಳೆ ಬಿಸಿಲಿಗೆ ಕರಗಿ ಆದದ್ದು ನಿಮ್ಮ ಎರೆಹೊಲ. ಎರೆಹೊಲದಲ್ಲಿ ಬೆಳೆದದ್ದು ಹತ್ತಿ. ಆ ಹತ್ತಿಯ ಹಿಂದೆಯೇ ನಿಮ್ಮ ಅಜ್ಜಂದಿರು ಪರಳ, ಲಾಲ್‌ಬಾಗಿನ ಮಿಲ್ಲುಗಳಿಗೆ ಬಂದರು. ಹಾಗಾದರೆ ಈ ಗುಡ್ಡ ನಮಗೆ ಪರಕೀಯವೆಂದು ಹೇಳುವವರು ಯಾರು?

ಇನ್ನು ಅಂಧೇರಿ. ಇದು ಮುಂಬಯಿಯೇ ಅಲ್ಲ, ಸಾಷ್ಟಿ ದ್ವೀಪ. 1534ರಿಂದ ಪೋರ್ತುಗೀಸರು ಆಳಿದರು, 1737ರಲ್ಲಿ ಮರಾಠರು ಗೆದ್ದರು, 1774ರಲ್ಲಿ ಇಂಗ್ಲಿಷರು ಹಿಡಿದರು. ಆಳುವವರು ಬದಲಾದರೂ ವರ್ಸೋವಾದ ಕೋಳಿಗಳು ಬಲೆ ಬೀಸಿದರು, ಅಂಬೋಲಿಯವರು ಗದ್ದೆ ಮಾಡಿದರು. ಅದಕ್ಕೂ ಬಹಳ ಹಿಂದೆ ಭಿಕ್ಷುಗಳು ಪೂರ್ವದ ಗುಡ್ಡದಲ್ಲಿ ಕೊಂಡಿವಿಟೆಯ ಗುಹೆಗಳನ್ನು ಕೊರೆದರು. ಇಂದು ಮಹಾಕಾಳಿ ಗುಹೆ ಎನ್ನುವುದು ಅವನ್ನೇ. ಪಕ್ಕದ ಜೋಗೇಶ್ವರಿಯ ಗುಹೆ ಆರನೆಯ ಶತಮಾನದ್ದು. ಅವರೂ ಕಲ್ಲು ಕಡಿದವರೇ. ಆದರೆ ಗುಡ್ಡವನ್ನು ಲಾರಿಗೆ ತುಂಬಿ ಒಯ್ಯಲಿಲ್ಲ.

1845ರಲ್ಲಿ ಮಾಹಿಮಿನಿಂದ ಬಾಂದ್ರಾಕ್ಕೆ ಕಟ್ಟೆರಸ್ತೆಯಾಯಿತು. 1867ರಲ್ಲಿ ವಿರಾರಿನಿಂದ ಬಂದ ಮೊದಲ ರೈಲು ಇಲ್ಲಿ ನಿಂತಿತು. 1928ರಲ್ಲಿ ತ್ರಾಂಬೆಯಿಂದ ಅಂಧೇರಿಗೆ ಇನ್ನೊಂದು ರೈಲುದಾರಿ ಹಾಕಿದರು, ಆರು ವರ್ಷದಲ್ಲೇ ಕಿತ್ತರು. 1950ರಲ್ಲಿ ಈ ಕಡೆಯೆಲ್ಲ ಮುಂಬಯಿ ಮುನಿಸಿಪಾಲಿಟಿಗೆ ಸೇರಿತು. ಮುಂದೆ ಮರೋಳದ ಕಾರಖಾನೆಗಳು, 1973ರಲ್ಲಿ ಸೀಪ್ಝ್, ಕೆಸರು ತುಂಬಿಸಿ ಎಬ್ಬಿಸಿದ ಲೋಖಂಡ್‌ವಾಲಾ, 2014ರಲ್ಲಿ ಮೆಟ್ರೋ. ಒಂದೊಂದು ಬಂದಾಗಲೂ ಅದರ ಹಿಂದೆ ಒಂದು ಹೋಟೆಲು. ಹೋಟೆಲಿನ ಹಿಂದೆ ನಾವು. ಚಹಾ ಬೇಡದ ಕಾರಖಾನೆ ಇಲ್ಲ, ಇಡ್ಲಿ ಬೇಡದ ಆಫೀಸಿಲ್ಲ. ಆದರೆ ಆ ಇಡ್ಲಿ ಬೇಯಿಸುವವನು ರಾತ್ರಿ ಎಲ್ಲಿ ಮಲಗಬೇಕೆಂದು ಯಾವ ನಕ್ಷೆಯಲ್ಲೂ ಬರೆದಿರಲಿಲ್ಲ.

ಈ ಎಲ್ಲ ಕಟ್ಟಡಕ್ಕೆ, ರಸ್ತೆಗೆ, ರೈಲು ಹಳಿಯ ಕೆಳಗಿನ ಜಲ್ಲಿಗೆ ಕಲ್ಲು ಎಲ್ಲಿಂದ ಬಂತು? ಫೋರ್ಟಿನ ದೊಡ್ಡ ವಸ್ತುಸಂಗ್ರಹಾಲಯ ನೋಡಿದ್ದೀರಿ. ಅದು ಕುರ್ಲಾದ ಬೂದುಕಲ್ಲು, ಮಲಾಡಿನ ಹಳದಿಕಲ್ಲು. ಉಪನಗರದ ಗುಡ್ಡಗಳನ್ನು ಒಡೆದೇ ಈ ಶಹರ ಎದ್ದು ನಿಂತಿದೆ. ಸುರಂಗ ಇಟ್ಟು, ಸುತ್ತಿಗೆ ಹಿಡಿದು, ಬಿಸಿಲಲ್ಲಿ ಜಲ್ಲಿ ಒಡೆದವರಲ್ಲಿ ದಕ್ಷಿಣದಿಂದ ಬಂದ ವಡ್ಡರೂ ಇದ್ದರು. ಅವರ ಹೆಸರು ಯಾವ ಕಟ್ಟಡದ ಮೇಲೂ ಇಲ್ಲ. ಗಿಲ್ಬರ್ಟ್ ಹಿಲ್ಲಿನ ಸುತ್ತಲೂ ಹೀಗೆಯೇ ಕಡಿದರು. ಗುತ್ತಿಗೆದಾರರಿಗೆ ಹಣವಾಯಿತು, ಕೂಲಿಯವನಿಗೆ ಕೆಮ್ಮು ಉಳಿಯಿತು, ಗುಡ್ಡ ಕಂಬವಾಗಿ ಉಳಿಯಿತು. ಭೂಗರ್ಭಶಾಸ್ತ್ರ ಬಲ್ಲವರು ವರ್ಷಗಟ್ಟಲೆ ಕೂಗಿದ ಮೇಲೆ 2007ರಲ್ಲಿ ಮುನಿಸಿಪಾಲಿಟಿ ಇದನ್ನು ಎರಡನೆಯ ದರ್ಜೆಯ ಪಾರಂಪರಿಕ ಸ್ಥಳವೆಂದು ಗೊತ್ತುಮಾಡಿತು, ಸುತ್ತ ಕಲ್ಲು ಒಡೆಯಬಾರದೆಂದಿತು. ಅಮೆರಿಕದಲ್ಲಿ 1906, ಇಲ್ಲಿ 2007. ನೂರಾ ಒಂದು ವರ್ಷದ ಅಂತರ!

ಮನೆ ಊಡಿದ ಮೇಲೆ ಬಾವಿ ತೋಡಿದಂತಾಯಿತು ಎನ್ನೋಣವೆ? ಪೂರಾ ಊಡಿಲ್ಲ, ಗೋಡೆ ನಿಂತಿದೆ. ಆದರೆ ಅದನ್ನು ಕಾಯುವ ಹೆಸರಿನಲ್ಲಿ ಈಗ ಯಾರ ಮೇಲೆ ಕಣ್ಣು? ಬುಡಕ್ಕೇ ಅಂಟಿಕೊಂಡು ಎದ್ದ ಎತ್ತರದ ಕಟ್ಟಡಗಳ ಮೇಲಲ್ಲ. ತಗಡಿನ ಝೋಪಡಿಯ ಮೇಲೆ. ಝೋಪಡಿಯವನ ಹತ್ತಿರ ಬಂಡೆ ಕೊರೆಯುವ ಯಂತ್ರವಿಲ್ಲ, ಸುರಂಗದ ಮದ್ದಿಲ್ಲ. ಬುಡದಲ್ಲಿ ಕಸ ಬೀಳುತ್ತದೆ ಎಂದು ದೂರುತ್ತಾರೆ. ಕಸದ ಗಾಡಿ ಬಾರದ ಗಲ್ಲಿಯಲ್ಲಿ ಕಸ ಆಕಾಶಕ್ಕೆ ಹಾರೀತೆ?

ಬಿಲ್ಡರು ಖೋಲಿ ಕೊಡುತ್ತಾನೆ ಎಂದು ನಂಬಿದ ನಮ್ಮ ಬಂಧುಗಳು ಈ ಲೆಕ್ಕವನ್ನು ಸ್ವಲ್ಪ ಕೇಳಬೇಕು. 1995ರಲ್ಲಿ ಝೋಪಡಿ ಪುನರ್ವಸತಿಯ ಯೋಜನೆ ಬಂತು. ಝೋಪಡಿಯವನಿಗೆ ಪುಕ್ಕಟೆ ಖೋಲಿ, ಅದಕ್ಕೆ ಬದಲಾಗಿ ಬಿಲ್ಡರಿಗೆ ಮಾರಾಟಕ್ಕೆ ಹೆಚ್ಚಿನ ಕಟ್ಟಡ. ಖೋಲಿ ಮೊದಲು 225 ಚದರ ಅಡಿ, ಆಮೇಲೆ 269, ಈಗ 300. ನಿವಾಸಿಗಳಲ್ಲಿ ಶೇಕಡಾ 70 ಮಂದಿಯ ಒಪ್ಪಿಗೆ ಬೇಕೆಂದಿದ್ದದ್ದು ಶೇಕಡಾ 51ಕ್ಕೆ ಇಳಿಯಿತು. ಅಂದರೆ ನೂರರಲ್ಲಿ 49 ಜನ ಬೇಡವೆಂದರೂ ಕೆಲಸ ನಡೆಯುತ್ತದೆ. ಅದಿರಲಿ, ಖೋಲಿ ಯಾರಿಗೆ? 2000ದ ಜನವರಿ 1ಕ್ಕಿಂತ ಮೊದಲು ಇದ್ದೆನೆಂದು ಕಾಗದ ತೋರಿಸಿದವನಿಗೆ ಪುಕ್ಕಟೆ. 2011ರ ಜನವರಿ 1ರ ತನಕ ಬಂದವನಿಗೆ ಹಣ ಕೊಟ್ಟರೆ. ಕಾಗದ ಇಲ್ಲದವನಿಗೆ ಬೀದಿ.

ಹೋಟೆಲು ಕಾರ್ಮಿಕನ ಹತ್ತಿರ ಕಾಗದ ಎಲ್ಲಿಂದ ಬರಬೇಕು? ಹುಡುಗನಾಗಿ ಬಂದವನು ಹತ್ತು ವರ್ಷ ಹೋಟೆಲಿನ ಅಟ್ಟದಲ್ಲಿ, ಹಿಟ್ಟಿನ ಚೀಲದ ಪಕ್ಕದಲ್ಲಿ ಮಲಗಿದ. ರೇಷನ್ ಕಾರ್ಡಿನಲ್ಲಿ ಅವನ ಹೆಸರು ಊರಿನಲ್ಲೇ ಇತ್ತು. ವಿದ್ಯುತ್ತಿನ ಬಿಲ್ಲು ಮಾಲಿಕರ ಹೆಸರಿನದು. ಹಾಜರಿ ಪುಸ್ತಕದಲ್ಲಿ ಹೆಸರು ಬರೆದರೆ ಗ್ರಾಚ್ಯುಯಿಟಿ ಕೊಡಬೇಕಾದೀತೆಂದು ಬರೆಯಲೇ ಇಲ್ಲ. ನಾವು ಐದು ಮಂದಿ ಇದೇ ವಿಷಯಕ್ಕೆ ಒಂದು ಕಚೇರಿಗೆ ಹೋದೆವು. ಜೊತೆಯಲ್ಲಿ ಭಟ್ಟಿಯ ಕೆಲಸದ ಹಿರಿಯರೊಬ್ಬರಿದ್ದರು, 1984ರಲ್ಲಿ ಬಂದವರು. ಗುಮಾಸ್ತರು ತಲೆಯೆತ್ತದೆ ಕೇಳಿದರು, “ನೀವು ಇಲ್ಲಿ ಇದ್ದಿರಿ ಎನ್ನುವುದಕ್ಕೆ ಪುರಾವೆ ಏನು?” ಹಿರಿಯರು ಬಲಗೈ ಮೇಜಿನ ಮೇಲಿಟ್ಟರು. ಮೊಣಕೈಯ ತನಕ ಎಣ್ಣೆ ಸಿಡಿದ ಕಲೆ. ಗುಮಾಸ್ತರು, “ಇದಕ್ಕೆ ತಾರೀಕು ಇಲ್ಲವಲ್ಲ” ಎಂದರು.

ಮಿಲ್ಲಿನ ಬಂಧುಗಳು ಇದನ್ನು ಕೇಳಿ ಆಶ್ಚರ್ಯಪಡಲಾರರು. 1982ರ ಜನವರಿ 18ರಂದು ಎರಡೂವರೆ ಲಕ್ಷ ಕಾರ್ಮಿಕರು ಸಂಪು ಹೂಡಿದಾಗ, ಮುಂದೆ ಮಿಲ್ಲುಗಳು ಮುಚ್ಚಿದಾಗ, ನಿಮಗೂ ಭೂಮಿಯ ಮಾತು ಕೊಟ್ಟಿದ್ದರು. 1991ರ ನಿಯಮದಲ್ಲಿ ಮಿಲ್ಲಿನ ನೆಲವನ್ನು ಮೂರು ಪಾಲು ಮಾಡಿ ಒಂದು ಬಯಲಿಗೆ, ಒಂದು ಬಡವರ ಮನೆಗಳಿಗೆ, ಒಂದು ಮಾಲಿಕರಿಗೆ ಎಂದರು. 2001ರಲ್ಲಿ ಅದನ್ನು ತಿದ್ದಿ, ಕಟ್ಟಡವಿಲ್ಲದ ಖಾಲಿ ನೆಲಕ್ಕೆ ಮಾತ್ರ ಈ ಪಾಲು ಎಂದರು. ಮಿಲ್ಲಿನಲ್ಲಿ ಖಾಲಿ ನೆಲ ಎಷ್ಟಿರುತ್ತದೆಂದು ನಿಮಗೆ ಗೊತ್ತು. 2006ರಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಇಂದು ಸಾಂಚೆ ತಿರುಗುತ್ತಿದ್ದ ಕಡೆ ಮಾಲು, ಬೋಂಗಾ ಕೂಗುತ್ತಿದ್ದ ಕಡೆ ಐವತ್ತು ಮಾಳಿಗೆ. ಬಯಲನ್ನು ಕಾಯ್ದರೆ ಬಡವನಿಗೆ ಮನೆ ಇಲ್ಲ, ಬಡವನಿಗೆ ಮನೆ ಕೊಟ್ಟರೆ ಬಯಲು ಇಲ್ಲ ಎಂದು ಅಂದೂ ಹೇಳಿದರು. ಕೊನೆಗೆ ಸಿಂಹಪಾಲು ಹೋದದ್ದು ಮೂರನೆಯವನಿಗೆ. ಗಿಲ್ಬರ್ಟ್ ಹಿಲ್ಲಿನಲ್ಲೂ ಗುಡ್ಡವನ್ನೂ ಝೋಪಡಿಯನ್ನೂ ಜಗಳಕ್ಕೆ ಹಚ್ಚಿ ಹಿಂದೆ ನಿಂತಿರುವವನು ಆ ಮೂರನೆಯವನೇ.

ಇದರಲ್ಲಿ ಜೀವದ ಪ್ರಶ್ನೆಯೂ ಇದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಬಿತ್ತು. ಅಂದು ಸಾಕಿನಾಕಾದಲ್ಲಿ ಗುಡ್ಡ ಜರಿದು ಝೋಪಡಿಗಳ ಮೇಲೆ ಕೂತಿತು. ಹತ್ತಾರು ಮಂದಿ ಸತ್ತರು. ಬಿರುಕುಗಳಿಂದಲೇ ಆದ ಕಂಬದ ಕಲ್ಲಿಗೆ ಮಳೆ ನೀರು ಇಳಿಯುತ್ತದೆ, ಬೇರು ಇಳಿಯುತ್ತದೆ. ಪಕ್ಕದಲ್ಲಿ ಪಾಯ ತೋಡಿ ನಡುಗಿಸಿದರೆ ಅದು ಯಾರ ಮೇಲೆ ಬಿದ್ದೀತು? ಹದಿನೈದನೆಯ ಮಾಳಿಗೆಯವನ ಮೇಲಲ್ಲ. ಆದ್ದರಿಂದ ಈ ಗುಡ್ಡದ ಗಟ್ಟಿತನ ಯಾರಿಗಿಂತಲೂ ಹೆಚ್ಚು ಬೇಕಾದದ್ದು ಬುಡದಲ್ಲಿ ಮಲಗುವ ನಮಗೆ. ಕಲ್ಲಿನ ಚಿಂತೆ ನಿಮಗೇಕೆ ಎನ್ನುವವರಿಗೆ ನಮ್ಮ ಉತ್ತರ ಇಷ್ಟೇ.

ನಾವು ಕೇಳುವುದೇನು? ಗುಡ್ಡದ ಸುತ್ತ ಇಷ್ಟು ಅಡಿಯೊಳಗೆ ಯಾರೂ ಪಾಯ ತೋಡಬಾರದೆಂದು ನೆಲದ ಮೇಲೆ ಗೆರೆ ಎಳೆಯಲಿ, ಕಾಗದದ ಮೇಲಲ್ಲ. ಆ ಗೆರೆ ಧನಿಕನಿಗೂ ಅದೇ, ಬಡವನಿಗೂ ಅದೇ ಇರಲಿ. ಪ್ರತಿ ಮೇ ತಿಂಗಳಲ್ಲಿ ಬಲ್ಲ ಇಂಜಿನಿಯರರು ಬಂದು ಸಡಿಲವಾದ ಕಲ್ಲನ್ನು ನೋಡಲಿ, ಮಳೆನೀರಿಗೆ ಗಟಾರ ತೋಡಲಿ. ಗೆರೆಯೊಳಗಿನ ಝೋಪಡಿಯವರಿಗೆ ಅಂಧೇರಿಯಲ್ಲೇ ಮನೆ ಕೊಡಲಿ. ಮಾಹುಲಿನ ತೈಲ ಕಾರಖಾನೆಗಳ ಬಗಲಿಗೆ ಎಸೆದರೆ ಬೆಳಗ್ಗೆ ನಾಲ್ಕಕ್ಕೆ ಬಂದು ಒಲೆ ಹಚ್ಚುವವರು ಯಾರು? ಹೋಟೆಲು ಕಾರ್ಮಿಕನ ಪುರಾವೆಗೆ ಮಾಲಿಕರ ಪತ್ರ, ರಾತ್ರಿ ಶಾಲೆಯ ದಾಖಲೆ, ಅಂಚೆಯ ರಸೀದಿ ಇವನ್ನೂ ಒಪ್ಪಲಿ.

ಅರ್ಜಿಗೆ ಸಹಿ ಹಾಕಿಸುವ ಕೆಲಸ ನಡೆದಿದೆ. ಬಂಧುಗಳೇ, ನಿಮ್ಮ ಟ್ರಂಕಿನ ತಳ ಒಮ್ಮೆ ಹುಡುಕಿರಿ. ಊರಲ್ಲಿರುವ ಅಮ್ಮನಿಗೆ ತಿಂಗಳು ತಿಂಗಳು ಕಳಿಸಿದ ಮನಿಯಾರ್ಡರಿನ ರಸೀದಿಗಳಿದ್ದಾವು. ಅವುಗಳ ಮೇಲೆ ಅಂಧೇರಿ ಅಂಚೆಯ ಠಸ್ಸೆ ಇದೆ, ತಾರೀಕೂ ಇದೆ. ಗೆದ್ದಲು ತಿನ್ನುವ ಮೊದಲು ಅವನ್ನು ನಮ್ಮ ಸಂಘದ ಖೋಲಿಗೆ ತನ್ನಿರಿ. ಸಂಜೆ ಪಾಳಿಯ ಬಿಡುವಿನಲ್ಲಿ ನಕಲು ತೆಗೆದು ವಾಪಸು ಕೊಡುತ್ತೇವೆ.