ಅರ್ಧ ಮಾತ್ರೆ

ರಾತ್ರಿ ಒಂಬತ್ತೂವರೆ. ಚಿಕ್ಕಮ್ಮನ ಮಗಳು ಕೈಗೆ ಗ್ಲೌಸ್ ಹಾಕಿಕೊಂಡು ಕಿಟಕಿಯ ಪಕ್ಕ ಕೂತಳು. ಮುಂದೆ ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಅದರ ಮುಚ್ಚಳದೊಳಗೆ ಒಂದು ಬ್ಲೇಡು. ಮಾತ್ರೆಯನ್ನು ನಡುವೆ ಇಟ್ಟು ಮುಚ್ಚಳ ಒತ್ತಿದರೆ ಎರಡು ಹೋಳು. ಒತ್ತುವ ಆ ಕ್ಷಣ ಅವಳು ಉಸಿರು ಬಿಗಿಹಿಡಿಯುತ್ತಾಳೆ. ಹೋಳು ಸಮವಾಗಿ ಬರದೆ ಪುಡಿಯಾದರೆ ಆ ಮಾತ್ರೆ ಲೆಕ್ಕಕ್ಕಿಲ್ಲ, ಇನ್ನೊಂದು ತೆಗೆಯಬೇಕು.

"ಅಣ್ಣಾ, ಇವತ್ತು ಯಾವ ವಾರ?"

"ಬುಧವಾರ."

"ಹಂಗಾದ್ರೆ ಅರ್ಧ."

ಗೋಡೆಯ ಕ್ಯಾಲೆಂಡರಿನ ಪ್ರತಿ ಚೌಕದಲ್ಲೂ ಪೆನ್ಸಿಲಿನಲ್ಲಿ ಬರೆದಿದ್ದಾಳೆ: ಅರ್ಧ, ಒಂದು, ಅರ್ಧ, ಒಂದು. ಏಕಾದಶಿ, ಅಮಾವಾಸ್ಯೆ, ಸಂಕಷ್ಟಿಗಳೆಲ್ಲ ಅದರಡಿ ಮುಚ್ಚಿಹೋಗಿವೆ. ಮಗನಿಗೆ ಏಳು ವರ್ಷ, ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರು. ತಿಪಟೂರಿನ ಹತ್ತಿರದ ಹಳ್ಳಿಯಿಂದ ಬಂದು ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದು ಒಂದೂವರೆ ವರ್ಷವಾಯಿತು. ಗಂಡ ಕೊಬ್ಬರಿ ಸುಲಿಸಲು ಊರಿಗೆ ಹೋಗುತ್ತಾನೆ, ಮಾರಿದ ದುಡ್ಡು ತೆಗೆದುಕೊಂಡು ವಾಪಸು ಬರುತ್ತಾನೆ. ಹುಡುಗನಿಗೆ ಕೂದಲು ಮತ್ತೆ ಬಂದಿದೆ, ಮೊದಲಿಗಿಂತ ಗುಂಗುರಾಗಿ.

ಆ ಬೀದಿಯ ಮಾತೇ ಬೇರೆ. ನೀರು ಹಿಡಿಯುವ ನಲ್ಲಿಯ ಹತ್ತಿರ ಹೆಂಗಸರು "ತಿಂಡಿ ಆಯ್ತಾ?" ಎನ್ನುವಷ್ಟೇ ಸಲೀಸಾಗಿ "ಕೌಂಟ್ ಎಷ್ಟಾಯ್ತು?" ಎನ್ನುತ್ತಾರೆ. ಕೌಂಟ್ ಬಿದ್ದರೆ ಕೀಮೋ ಮುಂದಕ್ಕೆ ಹೋಗುತ್ತದೆ. ಪ್ಲೇಟ್‌ಲೆಟ್ ಕಮ್ಮಿಯಾದರೆ ರಕ್ತ ಕೊಡುವವರನ್ನು ಹುಡುಕಬೇಕು. ಬೀದರಿನವರು, ಕೋಲಾರದವರು, ಆಂಧ್ರದ ಗಡಿಯವರು, ಎಲ್ಲರಿಗೂ ಆ ಮೂರು ನಾಲ್ಕು ಪದಗಳು ಬಾಯಿಪಾಠ. ಅಕ್ಷರ ಬಾರದ ಅಜ್ಜಿಯೊಬ್ಬರು ಮೊಮ್ಮಗಳ ಎರಡು ತಿಂಗಳ ಬಿಳಿ ರಕ್ತಕಣದ ಲೆಕ್ಕವನ್ನು ತಾರೀಕು ಸಮೇತ ನನಗೆ ಹೇಳಿದರು.

ಅವತ್ತು ರಾತ್ರಿ ಬಸ್ಸಿನಲ್ಲಿ ಮನೆಗೆ ಬರುವಾಗ ಆ ಅರ್ಧ ಮಾತ್ರೆಯೇ ಕಣ್ಣ ಮುಂದೆ ಇತ್ತು. ಅದು ಎಲ್ಲಿಂದ ಬಂತು?

ಅದರ ಹೆಸರು ಮರ್ಕ್ಯಾಪ್ಟೊಪ್ಯೂರಿನ್. ಅದನ್ನು ರೂಪಿಸಿದವರು ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್. ಅಮೆರಿಕದಲ್ಲಿ ಅದು ಬಳಕೆಗೆ ಬಂದದ್ದು 1953ರಲ್ಲಿ. ಇಬ್ಬರಿಗೂ 1988ರಲ್ಲಿ ನೊಬೆಲ್ ಬಂತು. ಎಲಿಯನ್ ಹದಿಹರೆಯದಲ್ಲಿದ್ದಾಗ ಅಜ್ಜ ಹೊಟ್ಟೆಯ ಕ್ಯಾನ್ಸರಿನಿಂದ ನರಳಿ ಸತ್ತದ್ದನ್ನು ಕಂಡವರು. ವಿಜ್ಞಾನ ಓದಲು ಅದೇ ಕಾರಣವಾಯಿತು ಎಂದು ಅವರೇ ಹೇಳಿಕೊಂಡಿದ್ದಾರೆ.

ಹುಡುಗನಿಗೆ ಮೂರು ತಿಂಗಳಿಗೊಮ್ಮೆ ಬೆನ್ನಿಗೆ ಕೊಡುವ ಇಂಜೆಕ್ಷನ್ ಇದೆ. ಮಕ್ಕಳು ಅತ್ಯಂತ ಹೆದರುವುದು ಅದಕ್ಕೇ. ಆ ಔಷಧದ ಬಣ್ಣ ಅರಿಶಿನ ನೀರಿನ ಹಾಗೆ ಹಳದಿ, ಹೆಸರು ಮೆಥೊಟ್ರೆಕ್ಸೇಟ್. ಅದರ ಬೇರು ಹುಡುಕುತ್ತಾ ಹೋದರೆ ಗೋದಾವರಿ ಸೀಮೆಯ ಭೀಮವರಂ ಸಿಗುತ್ತದೆ. 1895ರಲ್ಲಿ ಅಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್, ಸ್ಪ್ರೂ ಎಂಬ ಕರುಳಿನ ಕಾಯಿಲೆಗೆ ಸಹೋದರನನ್ನು ಕಳೆದುಕೊಂಡವರು. ಮದ್ರಾಸಿನಲ್ಲಿ ಓದಿ, ಅಮೆರಿಕಕ್ಕೆ ಹೋಗಿ, ಹಾರ್ವರ್ಡ್‌ನಲ್ಲಿ ಕಾಯಂ ಹುದ್ದೆ ಸಿಗದೆ ಲೆಡರ್ಲೆ ಎಂಬ ಔಷಧ ಕಂಪನಿಯ ಪ್ರಯೋಗಾಲಯ ಸೇರಿದರು. ಸ್ಪ್ರೂಗೆ ಮದ್ದಾದ ಫೋಲಿಕ್ ಆಮ್ಲವನ್ನು ಅವರ ತಂಡ ತಯಾರಿಸಿತು. ಆ ಬೆನ್ನಿಗೇ ಅದರ ಕೆಲಸವನ್ನು ತಡೆಯುವ ರಾಸಾಯನಿಕಗಳನ್ನೂ ಮಾಡಿತು; ಮೆಥೊಟ್ರೆಕ್ಸೇಟ್ ಆ ಗುಂಪಿನದೇ. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ವೈದ್ಯ ಸಿಡ್ನಿ ಫಾರ್ಬರ್ ಅವುಗಳಲ್ಲೊಂದನ್ನು ಲ್ಯುಕೇಮಿಯಾ ಬಂದ 16 ಮಕ್ಕಳಿಗೆ ಕೊಟ್ಟರು. ಹತ್ತು ಮಕ್ಕಳಲ್ಲಿ ಕಾಯಿಲೆ ಹಿಮ್ಮೆಟ್ಟಿತು. ಕೆಲವು ತಿಂಗಳ ಮಟ್ಟಿಗೆ ಮಾತ್ರ. ಆದರೆ ಅದಕ್ಕೆ ಮೊದಲು ಅಷ್ಟೂ ಆಗಿರಲಿಲ್ಲ. ಆ ವರದಿ ಅಚ್ಚಾದದ್ದು 1948ರ ಜೂನ್‌ನಲ್ಲಿ. ಸುಬ್ಬರಾವ್ ಅದೇ ಆಗಸ್ಟ್‌ನಲ್ಲಿ ತೀರಿಕೊಂಡರು. ನಮ್ಮ ಪಕ್ಕದ ರಾಜ್ಯದ ಈ ಮನುಷ್ಯನ ಹೆಸರು ಆ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ನಮ್ಮ ಶಾಲೆಯ ಪುಸ್ತಕಗಳಲ್ಲಿ ನಾನೂ ಓದಿದ ನೆನಪಿಲ್ಲ.

ಇನ್ನೊಂದು ಮದ್ದು ವಿನ್‌ಕ್ರಿಸ್ಟಿನ್. ಅದು ಬಂದದ್ದು ನಮ್ಮ ಹಿತ್ತಿಲಿನ ಕಾಶಿ ಕಣಗಿಲೆಯಿಂದ, ನಾವು ನಿತ್ಯಪುಷ್ಪ ಎಂದು ದೇವರಿಗೆ ಏರಿಸುವ ಅದೇ ಹೂವಿನ ಗಿಡದಿಂದ.

ಔಷಧಿಯ ಕಥೆ ಇಷ್ಟಾದರೆ ದುಡ್ಡಿನ ಕಥೆ ಬೇರೆ ಇದೆ. ನಾನು ಈ ವಾರ ಹೇಳಬೇಕೆಂದು ಹೊರಟದ್ದು ಅದನ್ನೇ.

1948ರ ಮೇ ತಿಂಗಳಲ್ಲಿ ಅಮೆರಿಕದ ರೇಡಿಯೋದಲ್ಲಿ ಒಂದು ರಾತ್ರಿ ಹನ್ನೆರಡು ವರ್ಷದ ಹುಡುಗನೊಬ್ಬ ಮಾತಾಡಿದ. ಫಾರ್ಬರ್ ಅವರ ರೋಗಿ, ದುಗ್ಧಗ್ರಂಥಿಯ ಕ್ಯಾನ್ಸರು. ಹೆಸರು ಗುಟ್ಟಾಗಿರಲಿ ಎಂದು ಕಾರ್ಯಕ್ರಮದವರು ಅವನನ್ನು ಜಿಮ್ಮಿ ಎಂದು ಕರೆದರು. ಅವನಿಗೆ ಬೇಸ್‌ಬಾಲ್ ಹುಚ್ಚು. 20,000 ಡಾಲರ್ ಸೇರಿದರೆ ಹುಡುಗನಿಗೆ ಪಂದ್ಯ ನೋಡಲು ಒಂದು ಟಿವಿ ಕೊಡಿಸುತ್ತೇವೆ, ಉಳಿದದ್ದು ಸಂಶೋಧನೆಗೆ ಎಂದರು. ಬಂದದ್ದು ಎರಡು ಲಕ್ಷ ಮೂವತ್ತು ಸಾವಿರ ಡಾಲರಿಗೂ ಹೆಚ್ಚು. ಆ ಜಿಮ್ಮಿ ನಿಧಿ ಇವತ್ತಿಗೂ ನಡೆಯುತ್ತಿದೆ. ಐನಾರ್ ಗುಸ್ಟಾಫ್ಸನ್ ಎಂಬ ಆ ಹುಡುಗ ಬದುಕಿಕೊಂಡ, ಲಾರಿ ಓಡಿಸಿದ, ಮೊಮ್ಮಕ್ಕಳನ್ನು ಕಂಡು 2001ರಲ್ಲಿ ತೀರಿಕೊಂಡ.

ಜಿಮ್ಮಿ ಉಳಿದ. ಉಳಿಯದ ಮಕ್ಕಳ ಅಪ್ಪ ಅಮ್ಮಂದಿರು ಮಾಡಿದ ಕೆಲಸ ಇನ್ನೂ ದೊಡ್ಡದು. ನ್ಯೂಯಾರ್ಕಿನ ಡಿ ವಿಲಿಯರ್ಸ್ ದಂಪತಿಯ ಮಗ ರಾಬಿ 1944ರಲ್ಲಿ ಹದಿನಾರನೇ ವಯಸ್ಸಿಗೆ ಲ್ಯುಕೇಮಿಯಾದಿಂದ ಹೋದ. ಐದು ವರ್ಷದ ನಂತರ ಅವರು ಮಗನ ಹೆಸರಲ್ಲೊಂದು ಪ್ರತಿಷ್ಠಾನ ಕಟ್ಟಿದರು. ಮುಂದೆ ಲ್ಯುಕೇಮಿಯಾ ಅಂಡ್ ಲಿಂಫೋಮಾ ಸೊಸೈಟಿ ಎಂದು ಹೆಸರಾದದ್ದು ಅದೇ. ಇಂಗ್ಲೆಂಡಿನ ಮಿಡಲ್ಸ್‌ಬರೋ ಎಂಬ ಕಬ್ಬಿಣದ ಕಾರ್ಖಾನೆಗಳ ಊರಿನ ಈಸ್ಟ್‌ವುಡ್ ಕುಟುಂಬ ಆರು ವರ್ಷದ ಮಗಳು ಸೂಸನ್‌ಳನ್ನು ಕಳೆದುಕೊಂಡು, 1960ರಲ್ಲಿ ಹಣ ಕೂಡಿಸಲು ಶುರು ಮಾಡಿತು. ಇವತ್ತಿನ ಬ್ಲಡ್ ಕ್ಯಾನ್ಸರ್ ಯುಕೆ ಹುಟ್ಟಿದ್ದು ಹಾಗೆ. ಅವರ ಮಗಳಿಗೆ ಆ ಹಣದಿಂದ ಏನೂ ಆಗುವಂತಿರಲಿಲ್ಲ. ಅದು ಗೊತ್ತಿದ್ದೇ ಕೂಡಿಸಿದರು. ಆಗ ಈ ಕಾಯಿಲೆ ಬಂದ ಮಗು ಉಳಿಯುವುದೇ ಅಪರೂಪ. ಇವತ್ತು ಒಳ್ಳೆಯ ಚಿಕಿತ್ಸೆ ಸಿಗುವ ದೇಶಗಳಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳು ಗುಣವಾಗುತ್ತಾರೆ. ನನ್ನ ತಂಗಿ ಬುಧವಾರ ರಾತ್ರಿ ಕತ್ತರಿಸುವ ಮಾತ್ರೆಯ ಹಿಂದೆ ಇಂಥ ಎಷ್ಟೋ ಮನೆಗಳ ದುಃಖ ಇದೆ.

ನಮ್ಮಲ್ಲಿ?

ನಮ್ಮ ಜನ ಕೊಡುವುದರಲ್ಲಿ ಹಿಂದೆ ಬಿದ್ದವರಲ್ಲ. ಮೊಬೈಲಿನಲ್ಲಿ ಒಂದು ಮಗುವಿನ ಫೋಟೋ, ಆಸ್ಪತ್ರೆಯ ಅಂದಾಜು ಪಟ್ಟಿ ಬಂದರೆ ಮೇಷ್ಟ್ರು, ಆಟೋದವರು, ಪೌರಕಾರ್ಮಿಕರು ಕೂಡ ಇನ್ನೂರು, ಐನೂರು ಹಾಕುತ್ತಾರೆ. ನನ್ನ ತಂಗಿಯ ಊರಿನ ಯುವಕರು ಗಣೇಶನ ಹಬ್ಬದ ಆರ್ಕೆಸ್ಟ್ರಾ ಕೈಬಿಟ್ಟು ಆ ದುಡ್ಡನ್ನು ಹುಡುಗನ ಚಿಕಿತ್ಸೆಗೆ ಕಳಿಸಿದರು. ಕಣ್ಣೆದುರಿನ ಮಗುವಿಗೆ ಕೊಡುವುದು ನಮಗೆ ಗೊತ್ತು. ಇನ್ನೂ ಹುಟ್ಟದ ಮಗುವಿಗೆ ಕೊಡಿ ಎಂದು ನಮ್ಮನ್ನು ಯಾರೂ ಕೇಳಿಲ್ಲ.

ಆ ಬೀದಿಯ ಧರ್ಮಶಾಲೆಯಲ್ಲಿ ಒಬ್ಬ ತಂದೆಯನ್ನು ಕಂಡೆ. ಮಗಳು ಹೋಗಿ ಹನ್ನೊಂದು ವರ್ಷ. ಪ್ರತಿ ವರ್ಷ ಅವಳ ತಿಥಿಯ ದಿನ ದಾವಣಗೆರೆ ಕಡೆಯಿಂದ ಬಂದು ರೋಗಿಗಳ ಕಡೆಯವರಿಗೆ ಊಟ ಹಾಕಿಸುತ್ತಾರೆ. ತಾವೇ ನಿಂತು ಬಡಿಸುತ್ತಾರೆ. ಪಾಯಸ ಎರಡು ಸಲ. ಎಲೆ ಎತ್ತಿದ ಮೇಲೆ ನನ್ನ ಪಕ್ಕ ಕೂತು ಕೇಳಿದರು: "ಅವಳಿಗೆ ಬಂದಿದ್ದು ಈಗ ಬಂದಿದ್ರೆ ಉಳೀತಿದ್ಲೇನ್ರೀ ಸರ್?" ನನ್ನಲ್ಲಿ ಉತ್ತರವಿರಲಿಲ್ಲ. ಇಂಥ ಕಾಯಿಲೆಯ ಮೇಲೆ ಸಂಶೋಧನೆ ಮಾಡುವವರಿಗೂ ಹಣ ಕೊಡಬಹುದು, ನಿಮ್ಮ ಮಗಳ ಹೆಸರಲ್ಲೇ ಕೊಡಬಹುದು ಅಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಯಾರೂ ಹೇಳ್ಲೇ ಇಲ್ಲ" ಎಂದರು.

ಹೌದು, ಹೇಳುವುದಿಲ್ಲ. ಮಗು ತೀರಿಕೊಂಡ ಮನೆಯವರು ಫೈಲು ಹಿಡಿದು ಹಿಂಬಾಗಿಲಿಂದ ಹೋಗುತ್ತಾರೆ, ಮತ್ತೆ ಆ ಕಡೆ ಮುಖ ಮಾಡುವುದಿಲ್ಲ. ಉಳಿದ ಮಗುವಿನ ಮನೆಯವರೂ ವಿಷಯ ಮುಚ್ಚಿಡುತ್ತಾರೆ. ಅಕ್ಕನ ಮದುವೆಗೆ ತೊಂದರೆ, ಶಾಲೆಯಲ್ಲಿ ಮಾತು. ಹೀಗಾಗಿ ಈ ಕಾಯಿಲೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಸಾವಿರಾರು ಮನೆಗಳು ಒಂದಕ್ಕೊಂದು ಸೇರದೆ ಚದುರಿಹೋಗುತ್ತವೆ. ಇದು ನಮ್ಮ ಆಸ್ಪತ್ರೆಗಳು ಮತ್ತು ಸಂಸ್ಥೆಗಳ ಲೋಪ ಎಂದೇ ನಾನು ಹೇಳುತ್ತೇನೆ. ದುಃಖದಲ್ಲಿರುವವರನ್ನು ಹಣ ಕೇಳುವುದು ತಪ್ಪು ಎಂಬ ಸಂಕೋಚ ಅವರದು. ವರ್ಷ ಕಳೆದ ಮೇಲೆ, ಮೆತ್ತಗೆ, ಒಂದು ಕಾಗದ ಬರೆದು ಕೇಳಿದರೆ ತಪ್ಪೇನು? ಆ ತಂದೆ ಯಾರಾದರೂ ಕೇಳಲಿ ಎಂದೇ ಕಾಯುತ್ತಿದ್ದರು.

ಅಮೆರಿಕ, ಯುರೋಪುಗಳಲ್ಲಿ ಸಂಶೋಧನೆ ನಡೆಯುತ್ತಲೇ ಇದೆಯಲ್ಲ, ಮತ್ತೆ ನಾವೇಕೆ ಎನ್ನುವವರಿದ್ದಾರೆ. ಅದಕ್ಕೆ ಆ ಅರ್ಧ ಮಾತ್ರೆಯನ್ನೇ ತೋರಿಸಬೇಕು. ನನ್ನ ತಂಗಿಯ ಮಗನಿಗೆ ಮೊದಲು ಪೂರ್ತಿ ಮಾತ್ರೆಯೇ ಇತ್ತು. ಕೌಂಟ್ ಪಾತಾಳಕ್ಕಿಳಿದು, ಜ್ವರ ಬಂದು, ಹತ್ತು ದಿನ ವಾರ್ಡಿನಲ್ಲಿದ್ದ. ಈ ಮದ್ದನ್ನು ದೇಹದೊಳಗೆ ಶಮನ ಮಾಡುವ ಎನ್‌ಯುಡಿಟಿ15 ಎಂಬ ಜೀನ್ ಇದೆ. ಅದರ ಒಂದು ಬಗೆ ಇರುವವರಿಗೆ ಮಾಮೂಲಿ ಪ್ರಮಾಣವೇ ವಿಷವಾಗುತ್ತದೆ. ಆ ಬಗೆ ಏಷ್ಯಾದ ಜನರಲ್ಲಿ ಹೆಚ್ಚು, ಯುರೋಪಿನ ಮೂಲದವರಲ್ಲಿ ಬಲು ಅಪರೂಪ. ಮಾತ್ರೆ ಬಳಕೆಗೆ ಬಂದು ಅರವತ್ತು ವರ್ಷವಾದರೂ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. 2014ರಲ್ಲಿ ಅದನ್ನು ಹಿಡಿದವರು ಕೊರಿಯಾದ ವಿಜ್ಞಾನಿಗಳು, ತಮ್ಮ ಜನರ ರಕ್ತ ಪರೀಕ್ಷಿಸಿ. ನಮ್ಮ ಮಕ್ಕಳ ರಕ್ತದಲ್ಲಿ ಇನ್ನೇನಿದೆ ಎಂದು ನೋಡಬೇಕಾದವರು ನಾವೇ. ನಮ್ಮಲ್ಲಿ ಎಷ್ಟೋ ಮಕ್ಕಳು ಕ್ಯಾನ್ಸರಿಗಿಂತ ಮೊದಲು ಸೋಂಕಿಗೆ ಬಲಿಯಾಗುತ್ತಾರೆ. ಅಪೌಷ್ಟಿಕತೆ ಇರುವ ಮಗುವಿಗೆ ಕೀಮೋ ಎಷ್ಟು ಕೊಡಬೇಕೆಂಬ ಪ್ರಶ್ನೆ ಬಾಸ್ಟನ್ನಿನಲ್ಲಿ ಏಳುವುದಿಲ್ಲ. ರಾಯಚೂರಿನ ಮಗುವಿಗೆ ಏಳುತ್ತದೆ.

ಸಂಶೋಧನೆಯ ಫಲ ಕಂಪನಿಗಳ ಪಾಲಾಗುತ್ತದೆ, ಬಡವರಿಗೆ ಎಟುಕುವುದಿಲ್ಲ ಎಂಬ ಮಾತೂ ಇದೆ. ಇದನ್ನು ನಾನು ತಳ್ಳಿಹಾಕುವುದಿಲ್ಲ. ಒಂದು ಬಗೆಯ ಲ್ಯುಕೇಮಿಯಾದ ಗತಿಯನ್ನೇ ಬದಲಿಸಿದ ಇಮಾಟಿನಿಬ್ 2001ರಲ್ಲಿ ಬಂದಾಗ ಸಂಭ್ರಮ. ಆ ಸಂಶೋಧನೆಗೆ ರಾಬಿಯ ಅಪ್ಪ ಅಮ್ಮ ಕಟ್ಟಿದ ಸಂಸ್ಥೆಯ ಹಣವೂ ಸೇರಿತ್ತು. ಆದರೆ ನಮ್ಮಲ್ಲಿ ಅದರ ಬೆಲೆ ತಿಂಗಳಿಗೆ ಒಂದು ಲಕ್ಷ ಮೀರಿತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ಪೇಟೆಂಟ್ ನಿರಾಕರಿಸಿತು, ಹತ್ತರಲ್ಲೊಂದು ಪಾಲಿಗಿಂತ ಕಡಿಮೆ ಬೆಲೆಯ ನಮ್ಮ ಕಂಪನಿಗಳ ಮಾತ್ರೆ ಉಳಿಯಿತು. ಇಲ್ಲೇ ಕಂಡುಹಿಡಿದರೆ ಇನ್ನೂ ಒಳ್ಳೆಯದು ಎಂಬುದಕ್ಕೂ ಸಾಕ್ಷಿ ಇದೆ. ರೋಗಿಯದೇ ರಕ್ತಕಣ ತೆಗೆದು, ಕ್ಯಾನ್ಸರ್ ಗುರುತಿಸುವಂತೆ ಪ್ರಯೋಗಾಲಯದಲ್ಲಿ ತಿದ್ದಿ, ಮತ್ತೆ ಅವನ ಮೈಗೆ ಏರಿಸುವ ಕಾರ್-ಟಿ ಚಿಕಿತ್ಸೆಗೆ ಅಮೆರಿಕದಲ್ಲಿ ಕೋಟಿಗಟ್ಟಲೆ ಖರ್ಚು. ಮುಂಬೈ ಐಐಟಿ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯವರು ಸೇರಿ ರೂಪಿಸಿದ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತು. ಅದರ ಬೆಲೆ ಅಮೆರಿಕದ್ದರ ಸುಮಾರು ಹತ್ತನೇ ಒಂದು ಪಾಲು. ಅದೂ ನನ್ನ ತಂಗಿಯಂಥವರಿಗೆ ದೂರದ ಮಾತೇ. ಆದರೆ ಇನ್ನಷ್ಟು ಇಳಿಸುವ ಕೆಲಸವೂ ಸಂಶೋಧನೆಯೇ.

ಕರ್ನಾಟಕಕ್ಕೆ ಇದು ಹೊಸದೇನೂ ಅಲ್ಲ. ಜಮ್ಶೆಟ್‌ಜಿ ಟಾಟಾ ಅವರ ಆಸ್ತಿ ಮತ್ತು ಮೈಸೂರು ಸಂಸ್ಥಾನ ಕೊಟ್ಟ 370ಕ್ಕೂ ಹೆಚ್ಚು ಎಕರೆ ನೆಲದಿಂದ 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಎದ್ದಿತು. ಅದೇ ಸಂಸ್ಥೆಯ ವೈದ್ಯಕೀಯ ಶಾಲೆ ಮತ್ತು ಆಸ್ಪತ್ರೆಗೆ 2022ರಲ್ಲಿ ಬಾಗ್ಚಿ ಹಾಗೂ ಪಾರ್ಥಸಾರಥಿ ದಂಪತಿಗಳು 425 ಕೋಟಿ ರೂಪಾಯಿ ಕೊಟ್ಟರು. ಅದು ಶ್ರೀಮಂತರ ಮಾತು, ಇರಲಿ. ನಮ್ಮ ಮಧ್ಯಮ ವರ್ಗದ ಮನೆಗಳು ಅಪ್ಪನ ಹೆಸರಲ್ಲಿ ವಿಶ್ವವಿದ್ಯಾಲಯದಲ್ಲಿ ಚಿನ್ನದ ಪದಕ ಇಡುತ್ತವೆ, ಸಾಹಿತ್ಯ ಪರಿಷತ್ತಿನಲ್ಲಿ ದತ್ತಿ ಉಪನ್ಯಾಸ ಇಡುತ್ತವೆ, ದೇವಸ್ಥಾನದಲ್ಲಿ ಶಾಶ್ವತ ಸೇವೆ ಬರೆಸುತ್ತವೆ. ಬಡ್ಡಿಯಲ್ಲಿ ಪ್ರತಿ ವರ್ಷ ನಡೆಯುವ ಪೂಜೆಯ ಏರ್ಪಾಡು ನಮಗೆ ಯಾರೂ ಕಲಿಸಬೇಕಿಲ್ಲ. ಅದೇ ರೀತಿಯಲ್ಲಿ ಹತ್ತು ಮನೆಗಳು ಸೇರಿ, ಲ್ಯುಕೇಮಿಯಾ ಅಧ್ಯಯನ ಮಾಡುವ ಒಬ್ಬ ವಿದ್ಯಾರ್ಥಿಗೆ ಒಂದು ವರ್ಷದ ಶಿಷ್ಯವೇತನ ಕೊಡುವ ದತ್ತಿ ಏಕೆ ಇಡಬಾರದು? ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕೆ ಕೊಡಲೇಬೇಕೆಂಬ ಕಾನೂನಿಗೆ ಒಳಪಟ್ಟ ದೊಡ್ಡ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮ ಮಕ್ಕಳು, ಅದರಲ್ಲೊಂದು ಪಾಲು ಸಾರ್ವಜನಿಕ ಸಂಸ್ಥೆಗಳ ಸಂಶೋಧನೆಗೆ ಹೋಗಲಿ ಎಂದು ಆಡಳಿತದವರನ್ನು ಕೇಳಬಹುದು. ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆ.

ಕೊಡುವ ಮುನ್ನ ವಿಚಾರಿಸಿ. ಯಾವ ಅಧ್ಯಯನ, ಯಾರು ಮಾಡುತ್ತಾರೆ, ವರ್ಷಕ್ಕೊಮ್ಮೆ ಲೆಕ್ಕ ಕೊಡುತ್ತೀರಾ ಎಂದು ಸಂಕೋಚವಿಲ್ಲದೆ ಕೇಳಿ. ಹಣವಿಲ್ಲದ ಆರೋಗ್ಯವಂತ ಯುವಕರು ರಕ್ತದ ಆಕರಕೋಶ (ಸ್ಟೆಮ್ ಸೆಲ್) ದಾನಿಗಳ ಪಟ್ಟಿಗೆ ಹೆಸರು ಬರೆಸಬಹುದು. ಕೆನ್ನೆಯೊಳಗೆ ಹತ್ತಿ ಕಡ್ಡಿ ಸವರಿ ಕೊಟ್ಟರೆ ಸಾಕು.

ಕಳೆದ ವಾರ ತಂಗಿ ಫೋನ್ ಮಾಡಿದ್ದಳು. ಹುಡುಗನ ಕೌಂಟ್ ನಿಂತಿದೆ, ಜೂನ್‌ನಲ್ಲಿ ಊರಿನ ಶಾಲೆಗೆ ಸೇರಿಸಬಹುದು ಎಂದಿದ್ದಾರಂತೆ. ದಾವಣಗೆರೆಯ ಆ ತಂದೆಯೂ ನನ್ನ ನಂಬರು ಹುಡುಕಿ ಮಾತಾಡಿದರು. ಊಟ ಹಾಕಿಸುವುದನ್ನು ನಿಲ್ಲಿಸುವುದಿಲ್ಲ, ಅದರ ಜೊತೆಗೆ ಇನ್ನೊಂದಿಷ್ಟು ತೆಗೆದಿಟ್ಟಿದ್ದೇನೆ, ಎಲ್ಲಿ ಕೊಡಲಿ ಎಂದು ಕೇಳಿದರು. ನಿಮ್ಮ ಮನೆಯಲ್ಲೂ ಅಂಥ ಒಂದು ತಿಥಿ ಇದ್ದರೆ, ಈ ಸಲ ನಿಮ್ಮ ಹತ್ತಿರದ ಸರ್ಕಾರಿ ಕ್ಯಾನ್ಸರ್ ಸಂಸ್ಥೆಗೆ ಹೋಗಿ, ಕೈಲಾದಷ್ಟು ಕಟ್ಟಿ. ರಸೀದಿಯ ಮೇಲೆ 'ಸಂಶೋಧನೆಗೆ' ಎಂದು ಬರೆಸಿಕೊಳ್ಳಿ.