ಪಾಚಿ ಹೊಂಡದ್ದಲ್ಲ, ಹೊಲದ್ದು

ಮಳೆ ನಿಂತು ಬಿಸಿಲು ಚುರುಕಾದರೆ ಬಯಲುಸೀಮೆಯ ಕೃಷಿಹೊಂಡಗಳು ಹಸಿರಾಗತೊಡಗುತ್ತವೆ. ಮೊದಲು ನೀರಿನ ಬಣ್ಣ ತಿರುಗುತ್ತದೆ, ಆಮೇಲೆ ತಾಡಪಾಲಿನ ಅಂಚಿಗೆ ಲೋಳೆ ಕಟ್ಟುತ್ತದೆ, ಕೊನೆಗೆ ಕೂದಲಿನಂಥ ಪಾಚಿ ಎಳೆಎಳೆಯಾಗಿ ತೇಲುತ್ತದೆ. ಡ್ರಿಪ್ಪಿನ ಫಿಲ್ಟರ್ ಎಷ್ಟು ಸಲ ತೊಳೆದರೂ ಕೊನೆಯ ಗಿಡಕ್ಕೆ ನೀರು ಮುಟ್ಟುವುದಿಲ್ಲ. ಬೇಸತ್ತ ರೈತರು ದಾಳಿಂಬೆಯ ಬೋರ್ಡೋ ದ್ರಾವಣಕ್ಕೆಂದು ತಂದಿಟ್ಟ ಮೈಲುತುತ್ತನ್ನು ಬೊಗಸೆ ಲೆಕ್ಕದಲ್ಲಿ ಹೊಂಡಕ್ಕೆ ಎರಚುತ್ತಾರೆ.

ಮೈಲುತುತ್ತು ಪಾಚಿಯನ್ನು ಕೊಲ್ಲುತ್ತದೆ, ಅದರಲ್ಲಿ ಅನುಮಾನವಿಲ್ಲ. ತೊಂದರೆ ಶುರುವಾಗುವುದೇ ಅಲ್ಲಿಂದ. ಒಂದೇ ಸಲ ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತದೆ. ಬೆಳಗಾಗುವಷ್ಟರಲ್ಲಿ ಹೊಂಡದಲ್ಲಿ ಬಿಟ್ಟ ಮೀನು ತೇಲುತ್ತವೆ. ಕೊಳೆತ ಪಾಚಿಯ ಸತ್ವ ನೀರಿನಲ್ಲೇ ಉಳಿಯುವುದರಿಂದ ಕೆಲವೇ ವಾರಗಳಲ್ಲಿ ಹೊಸ ಪಾಚಿ ಹುಟ್ಟುತ್ತದೆ. ತಾಮ್ರ ಮಾತ್ರ ಕರಗಿ ಮಾಯವಾಗುವುದಿಲ್ಲ, ತಳದ ಕೆಸರಿಗೆ ಸೇರುತ್ತದೆ. ಆ ನೀರನ್ನೇ ಕುರಿಗಳೂ ಕುಡಿಯುತ್ತವೆ. ದನಗಳಿಗಿಂತ ಕುರಿಗಳಿಗೆ ತಾಮ್ರದ ವಿಷ ಬೇಗ ಏರುತ್ತದೆ.

ಪಾಚಿಗೆ ಬೇಕಾಗಿರುವುದು ಬಿಸಿಲು ಮತ್ತು ಗೊಬ್ಬರ. ಎರಡನ್ನೂ ಒದಗಿಸುತ್ತಿರುವವರು ನಾವೇ. ಡಿಎಪಿ, ಯೂರಿಯಾ ಹಾಕಿದ ಹೊಲದಿಂದ ಮೇಲ್ಮಣ್ಣಿನ ಸಮೇತ ಹರಿದುಬಂದ ನೀರು ನೇರವಾಗಿ ಹೊಂಡಕ್ಕೆ ಇಳಿಯುತ್ತದೆ. ಮೇಲುಗಡೆ ತಿಪ್ಪೆ ಇದ್ದರಂತೂ ಕೇಳುವುದೇ ಬೇಡ. ದುಡ್ಡು ಕೊಟ್ಟು ತಂದ ಗೊಬ್ಬರದಲ್ಲಿ ಬೆಳೆಯುತ್ತಿರುವುದು ಪಾಚಿ.

ಹಾಗಾಗಿ ಮದ್ದು ಹೊಂಡದ ಬಾಯಲ್ಲೇ ಆಗಬೇಕು. ನೀರು ಒಳಬರುವ ಕಡೆ ಹೂಳು ತಂಗಲು ಒಂದು ಸಣ್ಣ ಗುಂಡಿ, ಅದರ ಮೇಲೆ ನಾಲ್ಕಾರು ಅಡಿ ಹುಲ್ಲಿನ ಪಟ್ಟಿ ಇರಲಿ. ತಿಪ್ಪೆಯನ್ನು ಇಳಿಜಾರಿನ ಕೆಳಗೆ ಸರಿಸಿ. ತೇಲುವ ಪಾಚಿಯನ್ನು ಬಿದಿರುಗಳುವಿಗೆ ಸುತ್ತಿ ಎಳೆದು ದಡದಿಂದ ದೂರ ಹಾಕಿ. ಪಕ್ಕದಲ್ಲೇ ಬಿಟ್ಟರೆ ಮಳೆಗೆ ಮತ್ತೆ ಒಳಗೆ ಬರುತ್ತದೆ. ಹುಲ್ಲುಗೆಂಡೆ ಎಳೆಪಾಚಿಯನ್ನು ಒಂದಿಷ್ಟು ತಿನ್ನುತ್ತದೆ, ಆದರೆ ಪೂರ್ತಿ ಅದನ್ನೇ ನಂಬುವಂತಿಲ್ಲ. ಪಂಪಿನ ಫುಟ್‌ವಾಲ್ವ್ ತಳದ ಕೆಸರಿಗೂ ಮೇಲಿನ ಪಾಚಿಗೂ ತಾಗದಂತೆ ಖಾಲಿ ಡ್ರಮ್ಮಿಗೆ ಕಟ್ಟಿ ನಡುನೀರಿನಲ್ಲಿ ತೂಗುಬಿಡಿ. ಬೇಸಿಗೆಯಲ್ಲಿ ಹೊಂಡ ಬತ್ತಿದಾಗ ತಾಡಪಾಲು ಹರಿಯದಂತೆ ಹೂಳು ತೆಗೆದು ಹೊಲಕ್ಕೆ ಹಾಕಿ. ಮೈಲುತುತ್ತು ಬೀಳದ ಹೂಳಾದರೆ ಕೊಚ್ಚಿಹೋದ ಗೊಬ್ಬರ ವಾಪಸ್ ಬಂದಂತೆ.

ಇವೆಲ್ಲ ಕೈಕೆಲಸ. ಕೈಕೆಲಸದಿಂದ ಆಗದ್ದು ನೆರಳು. ಹೊಂಡದ ಮೇಲೆ ನೆರಳುಬಲೆ ಹಾಸಿದರೆ ಪಾಚಿಯೂ ಕಡಿಮೆ, ನೀರು ಆವಿಯಾಗುವುದೂ ಕಡಿಮೆ. ಆದರೆ ಸಣ್ಣ ಹಿಡುವಳಿದಾರರಿಗೆ ಅದರ ಖರ್ಚು ಭಾರ. 2014ರಲ್ಲಿ ಶುರುವಾದ ಕೃಷಿಭಾಗ್ಯ ಯೋಜನೆ ಹೊಂಡ, ತಾಡಪಾಲು, ಪಂಪ್‌ಸೆಟ್, ಹನಿ ನೀರಾವರಿಗೆ ಸಹಾಯಧನ ಕೊಟ್ಟಿತು. ತೋಡಿದ ಹೊಂಡದ ನೀರು ಬಳಸಲು ಯೋಗ್ಯವಾಗಿ ಉಳಿಯುವುದೂ ಅಷ್ಟೇ ಮುಖ್ಯ. ಬಿಲ್ಲಿಗಾಗಿ ಹೊಂಡದ ಫೋಟೊ ತೆಗೆಯುವಾಗ ಹೂಳುಗುಂಡಿ ಇದೆಯೇ ಎಂದೂ ನೋಡಲಿ. ಹೊಂಡದ ಮೇಲಿನ ಬಲೆಗೂ ಸಹಾಯಧನ ಸಿಗಲಿ. ತಾಡಪಾಲಿನ ಜೊತೆ ನಿರ್ವಹಣೆಯ ಒಂದು ಪುಟದ ಕನ್ನಡ ಕರಪತ್ರ ಕೊಡಲಿ.

ನಮ್ಮ ಕಸುಬಿನವರಿಗೂ ಒಂದು ಮಾತು. ಹೊಂಡ ಉದ್ಘಾಟನೆಯಾದರೆ ಸುದ್ದಿ ಮಾಡುತ್ತೇವೆ, ಮೀನು ಸತ್ತರೂ ಮಾಡುತ್ತೇವೆ. ನಡುವೆ ನೀರು ಹಸಿರಾಗುವ ದಿನಗಳಲ್ಲೂ ಒಂದು ಕಾಲಂ ಬರೆದರೆ ಅಷ್ಟು ಮೀನು, ಅಷ್ಟು ಕುರಿ ಉಳಿದಾವು.