ನೆಲೆ ಕಳೆದವರ ಹಾಡಿಗೆ ಯಾವ ಲೆಕ್ಕಶೀರ್ಷಿಕೆ?

2025ರ ಸೆಪ್ಟೆಂಬರ್ 17ರಂದು ಲಂಡನ್ನಿನ ವೆಂಬ್ಲಿ ಸಭಾಂಗಣದಲ್ಲಿ ಪ್ಯಾಲೆಸ್ಟೀನಿಯರ ನೆರವಿಗಾಗಿ ಸಂಗೀತ ಕಾರ್ಯಕ್ರಮವೊಂದು ನಡೆಯಿತು. ಬ್ರಿಟನ್ನಿನ ಸಂಗೀತಗಾರ ಬ್ರಯಾನ್ ಈನೊ ಅದರ ಪ್ರಮುಖ ಸಂಘಟಕರು. ಹಾಡುಗಳ ನಡುವೆ ಕವಿ ಮಹಮೂದ್ ದರ್ವೀಶ್ ಅವರ ಕವಿತೆಯ ವಾಚನವೂ ಇತ್ತು. ಸಂಗ್ರಹವಾದ ಹಣ 15 ಲಕ್ಷ ಪೌಂಡಿಗೂ ಹೆಚ್ಚು, ಅಂದರೆ ಸುಮಾರು 20 ಲಕ್ಷ ಡಾಲರ್. ಅದೇ ವರ್ಷದ ಫೆಬ್ರುವರಿಯಲ್ಲಿ ವಿಶ್ವಬ್ಯಾಂಕ್, ವಿಶ್ವಸಂಸ್ಥೆ ಮತ್ತು ಐರೋಪ್ಯ ಒಕ್ಕೂಟಗಳು ಗಾಜಾ ಮತ್ತು ಪಶ್ಚಿಮ ದಂಡೆಯ ಹಾನಿಯ ಬಗ್ಗೆ ಪ್ರಕಟಿಸಿದ ಅಂದಾಜಿನಂತೆ, ಪುನರ್ನಿರ್ಮಾಣಕ್ಕೆ ಹತ್ತು ವರ್ಷಗಳಲ್ಲಿ ಬೇಕಾಗುವ ಮೊತ್ತ ಸುಮಾರು 5,300 ಕೋಟಿ ಡಾಲರ್. 25 ಸಾವಿರ ರೂಪಾಯಿ ಬೇಕಾದವನ ಕೈಗೆ ಒಂದು ರೂಪಾಯಿ ಇಟ್ಟಂತಾಯಿತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಈ ಅನುಪಾತ ಕಂಡೊಡನೆ ಎದ್ದ ಪ್ರಶ್ನೆ: ಹಾಗಾದರೆ ಇಂಥ ಸಭೆಗಳ ಪ್ರಯೋಜನವಾದರೂ ಏನು?

ಹಣದ ಅಳತೆಗೋಲು ಹಿಡಿದರೆ ಉತ್ತರ ನಿರಾಶಾದಾಯಕ. ರಾಜಕೀಯದ ಅಳತೆಗೋಲು ಹಿಡಿದರೂ ಅಷ್ಟೆ. ಹಾಡು ಕೇಳಿ ಹಿಂದೆ ಸರಿದ ಸೇನೆಯನ್ನು ನಾನು ಕಾಣೆ. ಮೂರನೆಯ ಅಳತೆಗೋಲೊಂದಿದೆ, ಅದು ದಾಖಲೆಯದು. ಸರ್ಕಾರಿ ಸೇವೆಯಲ್ಲಿದ್ದವರಿಗೆ ಅದರ ಬೆಲೆ ಚೆನ್ನಾಗಿ ತಿಳಿದಿರುತ್ತದೆ. ಪಹಣಿ, ಜನನ ಮರಣಗಳ ನೋಂದಣಿ, ಜನಗಣತಿ, ಪತ್ರಾಗಾರ, ಬಾನುಲಿಯ ಧ್ವನಿ ಭಂಡಾರ ಇವೆಲ್ಲ ಸೇರಿ ಒಂದು ನಾಡಿನ ನೆನಪನ್ನು ಕಾಯುತ್ತವೆ. ರಾಜ್ಯವೇ ಇಲ್ಲದ ಜನರ ನೆನಪನ್ನು ಕಾಯುವವರು ಯಾರು?

1948ರಲ್ಲಿ ಸುಮಾರು ಏಳು ಲಕ್ಷ ಪ್ಯಾಲೆಸ್ಟೀನಿಯರು ನೆಲೆ ಕಳೆದುಕೊಂಡರು. 400ಕ್ಕೂ ಹೆಚ್ಚು ಹಳ್ಳಿಗಳು ಬರಿದಾದವು. 1982ರಲ್ಲಿ ಇಸ್ರೇಲಿ ಸೇನೆ ಬೈರೂತ್ ಪ್ರವೇಶಿಸಿದಾಗ ಅಲ್ಲಿದ್ದ ಪ್ಯಾಲೆಸ್ಟೀನ್ ಸಂಶೋಧನಾ ಕೇಂದ್ರದ ಕಾಗದಪತ್ರಗಳನ್ನು ಹೊತ್ತೊಯ್ಯಿತು. ಮರುವರ್ಷ ಕೈದಿಗಳ ವಿನಿಮಯದಲ್ಲಿ ಅವನ್ನು ಹಿಂದಿರುಗಿಸಲಾಯಿತು. ಕೈದಿಗಳ ಜೊತೆಗೆ ಕಡತಗಳೂ ಬಿಡುಗಡೆಯಾದದ್ದು ಬಹಳ ಅರ್ಥಪೂರ್ಣವಾದ ಸಂಗತಿ. 1897ರಲ್ಲಿ ಜೆರುಸಲೇಮಿನಲ್ಲಿ ಜನಿಸಿದ ವಾಸಿಫ್ ಜವಹರಿಯ್ಯೆ ಬ್ರಿಟಿಷ್ ಆಡಳಿತದಲ್ಲಿ ಸರ್ಕಾರಿ ನೌಕರರಾಗಿದ್ದವರು, ಜೊತೆಗೆ ಊದ್ ವಾದಕರು. ಅಂದಿನ ಜೆರುಸಲೇಮಿನ ಮದುವೆ, ಹಬ್ಬ, ಸಂಗೀತ ಕೂಟಗಳ ಬಗೆಗೆ ಇಂದಿನ ಇತಿಹಾಸಕಾರರು ಮೊರೆಹೋಗುವುದು ಈ ನೌಕರನ ನೆನಪಿನ ಬರಹಗಳಿಗೆ.

ಕಾಗದ ಕೈತಪ್ಪಿದಲ್ಲಿ ಹಾಡೇ ದಾಖಲೆಯಾಗುತ್ತದೆ. ಮ್ಯಾಂಚೆಸ್ಟರಿನಲ್ಲಿ ಹುಟ್ಟಿ ಕುವೈತಿನಲ್ಲಿ ಬೆಳೆದ ಗಾಯಕಿ ರೀಮ್ ಕೆಲಾನಿ ಅವರ ಕೆಲಸವನ್ನು ಈ ದೃಷ್ಟಿಯಿಂದ ನೋಡಬೇಕು. ಲೆಬನಾನಿನ ನಿರಾಶ್ರಿತರ ಶಿಬಿರಗಳಲ್ಲಿದ್ದ ಮಹಿಳೆಯರಿಂದ ಅವರು ಹಾಡುಗಳನ್ನು ಕಲಿತರು. ಆ ಬಗೆಯ ಜನಪದ ಗೀತೆಗಳನ್ನೂ ದರ್ವೀಶರಂಥವರ ಕವಿತೆಗಳನ್ನೂ ಜಾಝ್ ವಾದ್ಯಗಳೊಡನೆ ಬೆಸೆದು 2006ರಲ್ಲಿ ಧ್ವನಿಮುದ್ರಿಕೆಯೊಂದನ್ನು ಹೊರತಂದರು. ಅಜ್ಜಿಯರ ಹಾಡಿನಲ್ಲಿ ಬರುವ ಹಳ್ಳಿ ಇಂದಿನ ಭೂಪಟದಲ್ಲಿ ಇಲ್ಲದಿರಬಹುದು. ಮದುವೆಯ ಹಾಡಿನಲ್ಲಿ ಅದು ಇದೆ. ಪ್ಯಾಲೆಸ್ಟೀನಿನ ಮಹಿಳೆಯರು ಹೇಳಿಕೊಂಡು ಬಂದ 'ಹಿಕಾಯೆ' ಕಥನವನ್ನು 2008ರಲ್ಲಿ, ಸಾಲಾಗಿ ನಿಂತು ನೆಲಕ್ಕೆ ಹೆಜ್ಜೆ ಬಡಿದು ಕುಣಿಯುವ 'ದಬ್ಕೆ'ಯನ್ನು 2023ರಲ್ಲಿ ಯುನೆಸ್ಕೋ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಜನಪದ ಹಾಡಿಗೆ ಜಾಝ್ ಏಕೆ, ಇದು ಪಾಶ್ಚಾತ್ಯರ ಕಿವಿಗೆ ಹಿತವಾಗಲೆಂದು ಮಾಡಿದ ಕಲಬೆರಕೆಯಲ್ಲವೇ ಎಂದು ಕೇಳುವವರಿದ್ದಾರೆ. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಕೆಟ್ಟ ಮಿಶ್ರಣಗಳು ಎಲ್ಲೆಡೆ ಇವೆ. ಆದರೆ ಈ ಎರಡರ ನಡುವೆ ನಿಜವಾದ ನಂಟಿದೆ. ಅರಬ್ ಸಂಗೀತದ 'ತಕ್ಸೀಮ್' ನಮ್ಮ ಆಲಾಪನೆಯಂತೆ ವಾದಕ ಅಲ್ಲೇ ಕಟ್ಟುತ್ತ ಹೋಗುವಂಥದು. ಜಾಝಿನ ಜೀವವೂ ಅಂಥ ಮನೋಧರ್ಮವೇ. ಪಿಯಾನೊದ ಎರಡು ಮನೆಗಳ ನಡುವೆ ಅಡಗಿರುವ ಸ್ವರಗಳನ್ನು ಅರಬ್ ಗಾಯಕರು ಬಲ್ಲರು. ಸ್ವರವನ್ನು ಬಾಗಿಸಿ ಅದೇ ಎಡೆಗೆ ತಲುಪುವುದನ್ನು ಜಾಝ್ ವಾದಕರೂ ಬಲ್ಲರು. ಇದಕ್ಕಿಂತ ಮುಖ್ಯವಾದ ಸಾಮ್ಯ ಚರಿತ್ರೆಯದು. ಗುಲಾಮರಾಗಿ ಅಮೆರಿಕಕ್ಕೆ ತರಲ್ಪಟ್ಟವರ ಹೆಸರುಗಳು ಒಡೆಯರ ಆಸ್ತಿಯ ಪಟ್ಟಿಯಲ್ಲಿದ್ದವು. ಅವರ ಸ್ವಂತ ಚರಿತ್ರೆ ಉಳಿದದ್ದು ದುಡಿಮೆಯ ಹಾಡಿನಲ್ಲಿ, ಪ್ರಾರ್ಥನೆಯಲ್ಲಿ, ಮುಂದೆ ಬ್ಲೂಸ್ ಮತ್ತು ಜಾಝಿನಲ್ಲಿ.

ಸಾಹಿತ್ಯ ವಾಚನದ ಸ್ಥಾನವೂ ಇಲ್ಲಿ ಅಲಂಕಾರಕ್ಕಾಗಿ ಅಲ್ಲ. 1941ರಲ್ಲಿ ದರ್ವೀಶ್ ಹುಟ್ಟಿದ ಅಲ್‌ಬಿರ್ವಾ ಗ್ರಾಮ 1948ರ ನಂತರ ಉಳಿಯಲಿಲ್ಲ. ಅವರ ವಾಚನಗಳಿಗೆ ಜುಬ್ರಾನ್ ಸಹೋದರರು ಊದ್ ನುಡಿಸುತ್ತಿದ್ದರು. 2008ರ ಆಗಸ್ಟ್‌ನಲ್ಲಿ ಕವಿ ತೀರಿಕೊಂಡ ನಲವತ್ತನೆಯ ದಿನ ಆ ಸಹೋದರರು ರಾಮಲ್ಲಾದಲ್ಲಿ, ಧ್ವನಿಮುದ್ರಿತ ಕವಿವಾಣಿಯೊಡನೆ ಊದ್ ನುಡಿಸಿದರು.

ಇದೆಲ್ಲ ಏಕಪಕ್ಷೀಯವಲ್ಲವೇ ಎಂಬ ಪ್ರಶ್ನೆಯನ್ನೂ ಎದುರಿಸಬೇಕು. 2023ರ ಅಕ್ಟೋಬರ್ 7ರಂದು ಹಮಾಸ್ ನೇತೃತ್ವದ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನ ಹತರಾದರು. ಅವರಲ್ಲಿ 360ಕ್ಕೂ ಹೆಚ್ಚು ಮಂದಿ ಸತ್ತದ್ದು ನೋವಾ ಸಂಗೀತೋತ್ಸವದಲ್ಲಿ. ಹಾಡು ಕೇಳಲೆಂದು ಹೋದವರು ಅವರು. ಆ ನಂತರದ ಯುದ್ಧದಲ್ಲಿ ಗಾಜಾದ ಆರೋಗ್ಯ ಇಲಾಖೆಯ ಲೆಕ್ಕದಂತೆ 70,000ಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರು ಸತ್ತಿದ್ದಾರೆ. ಒಂದು ಸಾವನ್ನು ಹೇಳಲು ಇನ್ನೊಂದನ್ನು ಮುಚ್ಚಿಡಬೇಕಿಲ್ಲ. ಎಡ್ವರ್ಡ್ ಸೈದ್ ಮತ್ತು ಡೇನಿಯಲ್ ಬರೆನ್‌ಬಾಯ್ಮ್ 1999ರಲ್ಲಿ ಅರಬ್ ಮತ್ತು ಇಸ್ರೇಲಿ ಯುವ ವಾದಕರ ವಾದ್ಯವೃಂದವನ್ನು ಕಟ್ಟಿದರು. ಅದು ಶಾಂತಿ ತರುವ ಯೋಜನೆಯಲ್ಲ, ಅಜ್ಞಾನದ ವಿರುದ್ಧದ ಯತ್ನ ಎಂಬುದು ಬರೆನ್‌ಬಾಯ್ಮ್ ಅವರ ನಿಲುವು. ಸಂಗೀತದಿಂದ ಇದಕ್ಕಿಂತ ಹೆಚ್ಚನ್ನು ಕೇಳುವುದು ಅನ್ಯಾಯ. ಇಷ್ಟನ್ನೂ ಕೇಳದಿರುವುದು ಆಲಸ್ಯ.

ಆದರೆ ಇಷ್ಟಕ್ಕೂ ಕಲಾವಿದರು ಸಂಚರಿಸಬೇಕು, ಸಭಾಂಗಣ ತೆರೆದಿರಬೇಕು. ಪ್ಯಾಲೆಸ್ಟೀನ್ ಸಾಹಿತ್ಯೋತ್ಸವ 2008ರಲ್ಲಿ ಆರಂಭವಾದಾಗ ಸಂಘಟಕರು ಅದನ್ನು ಊರಿಂದೂರಿಗೆ ಸಾಗುವ ಉತ್ಸವವನ್ನಾಗಿಯೇ ರೂಪಿಸಿದರು. ತಪಾಸಣಾ ಠಾಣೆಗಳ ನಡುವೆ ಬದುಕುವ ಓದುಗರು ಲೇಖಕರ ಬಳಿಗೆ ಬರಲಾರರು. ಆದ್ದರಿಂದ ಲೇಖಕರೇ ಅವರ ಬಳಿಗೆ ಹೋಗಬೇಕು. 2009ರಲ್ಲಿ ಜೆರುಸಲೇಮಿನ ನಾಟಕಶಾಲೆಯಲ್ಲಿ ಏರ್ಪಟ್ಟಿದ್ದ ಉದ್ಘಾಟನಾ ಸಭೆಯನ್ನು ಇಸ್ರೇಲಿ ಪೊಲೀಸರು ತಡೆದರು. ಸಭೆ ಫ್ರೆಂಚ್ ಸಾಂಸ್ಕೃತಿಕ ಕೇಂದ್ರಕ್ಕೆ ಸ್ಥಳಾಂತರಗೊಂಡಿತು. 2023ರ ಅಕ್ಟೋಬರ್‌ನಲ್ಲಿ ಫ್ರಾಂಕ್‌ಫರ್ಟ್ ಪುಸ್ತಕ ಮೇಳದಲ್ಲಿ ಕಾದಂಬರಿಕಾರ್ತಿ ಅದಾನಿಯಾ ಶಿಬ್ಲಿ ಅವರಿಗೆ ಪ್ರಶಸ್ತಿ ನೀಡುವ ಸಮಾರಂಭವನ್ನು ಮುಂದೂಡಲಾಯಿತು. ಪರವಾನಗಿ ನೀಡುವ ಮೇಜಿನ ಈ ಬದಿಯಲ್ಲಿ ಬಹುಕಾಲ ಕುಳಿತ ನಾನು ಒಂದು ಮಾತನ್ನು ಅನುಭವದಿಂದ ಹೇಳಬಲ್ಲೆ: 'ನಿರಾಕರಿಸಲಾಗಿದೆ' ಎಂಬ ಆದೇಶಕ್ಕಿಂತ 'ಮುಂದೂಡಲಾಗಿದೆ' ಎಂಬ ಟಿಪ್ಪಣಿ ಎಷ್ಟೋ ವೇಳೆ ಹೆಚ್ಚು ಪರಿಣಾಮಕಾರಿ.

ಮೇಲೆ ಹೇಳಿದ ಹಾನಿಯ ಅಂದಾಜಿನಲ್ಲಿ ಭೌತಿಕ ನಷ್ಟದ ಅರ್ಧಕ್ಕಿಂತ ಹೆಚ್ಚು ಪಾಲು ವಸತಿಯದು. ಮೊದಲು ಮನೆ, ನೀರು, ಆಸ್ಪತ್ರೆ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಯುನೆಸ್ಕೋ ಗಾಜಾದಲ್ಲಿ 100ಕ್ಕೂ ಹೆಚ್ಚು ಸಾಂಸ್ಕೃತಿಕ ತಾಣಗಳಿಗೆ ಹಾನಿಯಾದುದನ್ನು ದೃಢಪಡಿಸಿದೆ; ಅವೂ ಕಾಲಕ್ರಮದಲ್ಲಿ ಯಾವುದಾದರೊಂದು ಲೆಕ್ಕಶೀರ್ಷಿಕೆಯಡಿ ಬಂದಾವು. ಕಲ್ಲು, ಸಿಮೆಂಟುಗಳಿಗೆ ದರಪಟ್ಟಿಯಿದೆ. ಹಾಡು ಬಲ್ಲ ಅಜ್ಜಿಗೆ, ಊದ್ ಕಲಿಸುವ ಗುರುವಿಗೆ ದರಪಟ್ಟಿಯಿಲ್ಲ. ಆಯವ್ಯಯದಲ್ಲಿ ದರವಿಲ್ಲದ್ದು ಕಾಣುವುದೇ ಇಲ್ಲ. 1993ರಲ್ಲಿ ಸ್ಥಾಪನೆಯಾಗಿ ಈಗ ಎಡ್ವರ್ಡ್ ಸೈದ್ ಹೆಸರನ್ನು ಹೊತ್ತಿರುವ ಪ್ಯಾಲೆಸ್ಟೀನಿನ ಸಂಗೀತ ವಿದ್ಯಾಲಯಕ್ಕೆ ಗಾಜಾದಲ್ಲೂ ಶಾಖೆಯಿತ್ತು. ಯುದ್ಧದ ನಡುವೆಯೂ ಅದರ ಶಿಕ್ಷಕರು ಗುಡಾರಗಳಲ್ಲಿ ಮಕ್ಕಳಿಗೆ ಪಾಠ ಹೇಳಿದರು. ಇಂಥ ಶಿಕ್ಷಕರ ವೇತನ, ಕೆಲವು ನೂರು ವಾದ್ಯಗಳು, ಹಿರಿಯರ ಹಾಡುಗಳ ಧ್ವನಿಮುದ್ರಣ, ಒಂದಿಷ್ಟು ಪ್ರವಾಸ ಪರವಾನಗಿ ಇವಕ್ಕೆ ತಗಲುವ ವೆಚ್ಚ 5,300 ಕೋಟಿಯ ಮುಂದೆ ಲೆಕ್ಕಕ್ಕೇ ಬಾರದು.

ಭಾರತ 1988ರಲ್ಲೇ ಪ್ಯಾಲೆಸ್ಟೀನಿಗೆ ಮಾನ್ಯತೆ ನೀಡಿತು. ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು ಅಲ್ಲಿನ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ನೀಡುತ್ತ ಬಂದಿದೆ. ಅದರಲ್ಲಿ ಸಂಗೀತಗಾರರಿಗೆ ಮತ್ತು ಧ್ವನಿ ದಾಖಲೀಕರಣ ಕಲಿಯುವವರಿಗೆ ಕೆಲವು ಸ್ಥಾನ ಮೀಸಲಿಡಲು ಹೊಸ ಕಾನೂನು ಬೇಕಿಲ್ಲ. ಒಂದು ಆದೇಶ ಸಾಕು. ಸಿಮೆಂಟು ಹತ್ತು ವರ್ಷ ತಡವಾದರೂ ಸಿಕ್ಕೀತು. ಹಾಡು ಬಲ್ಲ ಮುದುಕಿಯರು ಅಷ್ಟು ವರ್ಷ ಕಾಯಲಾರರು.